ವಿದೇಶಿ ವಿಮಾನಗಳ ಖರೀದಿಯಿಂದ ನಮ್ಮ ಉದ್ಯೋಗಗಳು ಹೊರಗೆ ಹೋಗುತ್ತವೆಯೇ?

ಬದಿಯಡ್ಕದ ಟೀಚರ್ (ಕಾಸರಗೋಡು):

ಎಲ್ಲರಿಗೂ ನಮಸ್ಕಾರ. ಹೈಯರ್ ಸೆಕೆಂಡರಿಯ ವಾಣಿಜ್ಯ ವಿಭಾಗದಲ್ಲಿ ಅರ್ಥಶಾಸ್ತ್ರ ಕಲಿಸುವವಳು ನಾನು. ವಿದೇಶ ವ್ಯಾಪಾರದ ಪಾಠದ ನಡುವೆ ವಿದ್ಯಾರ್ಥಿನಿಯೊಬ್ಬಳು ಎತ್ತಿದ ಪ್ರಶ್ನೆಗೆ ಪಠ್ಯಪುಸ್ತಕದ ಉತ್ತರ ಸಾಲಲಿಲ್ಲ. ಈ ಕ್ಷೇತ್ರದಲ್ಲಿ ದುಡಿದವರು ಇಲ್ಲಿ ಹಲವರಿರುವುದರಿಂದ ಅದನ್ನು ನಿಮ್ಮ ಮುಂದಿಡುತ್ತಿದ್ದೇನೆ.

2023ರ ಫೆಬ್ರವರಿಯಲ್ಲಿ ಏರ್ ಇಂಡಿಯಾ 470 ವಿಮಾನಗಳ ಖರೀದಿಯನ್ನು ಪ್ರಕಟಿಸಿತು. ಅವುಗಳಲ್ಲಿ 250 ಏರ್‌ಬಸ್, 220 ಬೋಯಿಂಗ್. ಅದೇ ವರ್ಷದ ಜೂನ್‌ನಲ್ಲಿ ಪ್ಯಾರಿಸ್‌ನ ವಿಮಾನ ಪ್ರದರ್ಶನದಲ್ಲಿ ಇಂಡಿಗೋ ಒಂದೇ ಸಲಕ್ಕೆ 500 ಏರ್‌ಬಸ್ ವಿಮಾನಗಳಿಗೆ ಆರ್ಡರ್ ಕೊಟ್ಟಿತು. 2024ರ ಜನವರಿಯಲ್ಲಿ ಆಕಾಸ ಏರ್ ಇನ್ನೂ 150 ಬೋಯಿಂಗ್ 737 ಮ್ಯಾಕ್ಸ್‌ಗಳಿಗೆ ಬೇಡಿಕೆ ಸಲ್ಲಿಸಿತು. ಏರ್ ಇಂಡಿಯಾದ ಖರೀದಿ ಪ್ರಕಟವಾದಾಗ ಅಮೆರಿಕದ ಅಧ್ಯಕ್ಷರಾಗಿದ್ದ ಜೋ ಬೈಡನ್ ಅವರು, ಇದರಿಂದ ತಮ್ಮ ದೇಶದ 44 ರಾಜ್ಯಗಳಲ್ಲಿ 10 ಲಕ್ಷಕ್ಕೂ ಹೆಚ್ಚು ಉದ್ಯೋಗಗಳಿಗೆ ಆಧಾರ ದೊರೆಯುತ್ತದೆ ಎಂದು ಹೇಳಿದರು. ಬ್ರಿಟನ್ನಿನ ಪ್ರಧಾನಿಯಾಗಿದ್ದ ರಿಷಿ ಸುನಕ್ ಅವರೂ ರೆಕ್ಕೆಗಳು ತಯಾರಾಗುವ ವೇಲ್ಸ್ ಮತ್ತು ಎಂಜಿನುಗಳು ತಯಾರಾಗುವ ಡರ್ಬಿಯ ಕೆಲಸಗಾರರಿಗೆ ಇದು ಒಳ್ಳೆಯ ಸುದ್ದಿಯೆಂದು ಸಂತೋಷಪಟ್ಟರು. ಇವನ್ನೆಲ್ಲ ಓದಿಕೊಂಡು ಬಂದ ಹುಡುಗಿ, "ದುಡ್ಡು ಕೊಡುವವರು ನಾವು, ಕೆಲಸ ಸಿಗುವುದು ಅವರಿಗೆ, ಹಾಗಾದರೆ ಅಷ್ಟು ಉದ್ಯೋಗವನ್ನು ನಾವು ಕಳೆದುಕೊಂಡ ಹಾಗಾಗಲಿಲ್ಲವೇ?" ಎಂದು ಕೇಳಿದಳು.

ಪ್ರತಿ ದೇಶವೂ ಹೋಲಿಕೆಯಲ್ಲಿ ತನಗೆ ಅಗ್ಗವಾಗುವುದನ್ನು ತಯಾರಿಸಿ ಉಳಿದದ್ದನ್ನು ಕೊಳ್ಳುವುದೇ ಲಾಭ ಎನ್ನುವ ತುಲನಾತ್ಮಕ ಅನುಕೂಲದ ಸಿದ್ಧಾಂತವನ್ನು ಹೇಳಿ ಮುಗಿಸಬಹುದಿತ್ತು. ಆದರೆ ಸೀತಾಂಗೋಳಿಯಲ್ಲಿ 2012ರಿಂದ ಸರಕಾರಿ ವಿಮಾನ ತಯಾರಿಕಾ ಕಂಪನಿ ಎಚ್‌ಎಎಲ್‌ನ ಘಟಕವೊಂದು ಇರುವುದನ್ನು ಬಸ್ಸಿನಿಂದಲೇ ನೋಡುತ್ತಾ ಬೆಳೆದ ಮಕ್ಕಳಿಗೆ, "ವಿಮಾನ ತಯಾರಿಸುವುದು ನಮ್ಮ ಕೆಲಸವಲ್ಲ" ಎಂಬ ಮಾತು ಹಿಡಿಸುವುದಿಲ್ಲ. ವಿದೇಶಿ ವಿಮಾನಗಳ ಖರೀದಿಯಿಂದ ಇಲ್ಲಿನ ಉದ್ಯೋಗಕ್ಕೆ ನಿಜವಾಗಿ ಆಗುವುದೇನು? ಆಮದನ್ನು ತಡೆದರೆ ಇಲ್ಲಿ ಕಾರ್ಖಾನೆಗಳು ಏಳುತ್ತವೆಯೇ? ಗೊತ್ತಿದ್ದವರು ದಯವಿಟ್ಟು ವಿವರವಾಗಿ ಬರೆಯಿರಿ.

ಹಳೆಯ ರಿವೆಟ್ (ಕುಂಬಳೆ):

ಟೀಚರ್, ವಿಮಾನದ ಒಡಲಿಗೆ ರಿವೆಟ್ ಹೊಡೆಯುವುದರಿಂದ ಆರಂಭಿಸಿ ತಪಾಸಣೆಯ ವಿಭಾಗದಲ್ಲಿ ನಿವೃತ್ತನಾದವನು ನಾನು. ಅರ್ಥಶಾಸ್ತ್ರ ನಿಮ್ಮದು, ಕಾರ್ಖಾನೆಯ ನೆಲದಿಂದ ಕಂಡದ್ದನ್ನಷ್ಟೇ ಹೇಳುತ್ತೇನೆ.

ಕೆಲಸ ಹೊರಗೆ ಹೋಯಿತು ಎನ್ನಬೇಕಾದರೆ ಅದು ಮೊದಲು ಇಲ್ಲಿ ಇದ್ದಿರಬೇಕು. 180 ಮಂದಿ ಕುಳಿತು ಹೋಗುವ ಜೆಟ್ ವಿಮಾನವನ್ನು ಭಾರತ ಇಂದಿನವರೆಗೂ ತಯಾರಿಸಿಲ್ಲ. ಹಾಗಾಗಿ ಇಂಡಿಗೋ ಏರ್‌ಬಸ್ ಕೊಂಡ ಕಾರಣಕ್ಕೆ ಇಲ್ಲಿ ಬಾಗಿಲು ಮುಚ್ಚಿದ ಕಾರ್ಖಾನೆ ಯಾವುದೂ ಇಲ್ಲ. ಸೀತಾಂಗೋಳಿಯ ಘಟಕ ಮಾಡುವುದು ರಕ್ಷಣಾ ವಿಮಾನಗಳಿಗೆ ಬೇಕಾದ ಇಲೆಕ್ಟ್ರಾನಿಕ್ ಉಪಕರಣಗಳನ್ನು, ಪ್ರಯಾಣಿಕರ ವಿಮಾನಗಳಿಗೂ ಅದಕ್ಕೂ ನೇರ ಸಂಬಂಧವಿಲ್ಲ. ಈ ಆತಂಕ ಅಕ್ಷರಶಃ ನಿಜವಾಗಿದ್ದದ್ದು ಅಮೆರಿಕದಲ್ಲಿ. 1977ರಲ್ಲಿ ಅಲ್ಲಿನ ಈಸ್ಟರ್ನ್ ಏರ್‌ಲೈನ್ಸ್ ಸಂಸ್ಥೆಯು ನಾಲ್ಕು ಏರ್‌ಬಸ್ ಎ300 ವಿಮಾನಗಳನ್ನು ಆರು ತಿಂಗಳ ಮಟ್ಟಿಗೆ ಹೆಚ್ಚುಕಡಿಮೆ ಪುಕ್ಕಟೆಯಾಗಿ ಪಡೆದು ಹಾರಿಸಿ ನೋಡಿ, 1978ರಲ್ಲಿ 23 ವಿಮಾನಗಳಿಗೆ ಆರ್ಡರ್ ಕೊಟ್ಟಿತು. ಆಗ ಬೋಯಿಂಗ್, ಮೆಕ್‌ಡೊನೆಲ್ ಡಗ್ಲಸ್, ಲಾಕ್‌ಹೀಡ್ ಮೂರೂ ಅಲ್ಲಿಯವೇ ಆಗಿದ್ದುದರಿಂದ, ಸ್ವದೇಶದ ಕಾರ್ಮಿಕರ ಅನ್ನ ಕಿತ್ತುಕೊಂಡರೆಂಬ ಕೂಗಿಗೆ ಆಧಾರವಿತ್ತು. ಆದರೂ ಆ ಎ300ಗೆ ಜೋಡಿಸಿದ್ದ ಎಂಜಿನ್ ಅಮೆರಿಕದ ಜನರಲ್ ಇಲೆಕ್ಟ್ರಿಕ್‌ನದು. 2015ರಲ್ಲಿ ಏರ್‌ಬಸ್ ಅಲಬಾಮಾದ ಮೊಬೈಲ್ ಪಟ್ಟಣದಲ್ಲಿ ಜೋಡಣೆಯ ಕಾರ್ಖಾನೆಯನ್ನೇ ತೆರೆದ ಮೇಲೆ ಯಾವುದು ಸ್ವದೇಶಿ, ಯಾವುದು ವಿದೇಶಿ ಎನ್ನುವುದೇ ಅಲ್ಲಿ ತೊಡಕಿನ ಪ್ರಶ್ನೆಯಾಯಿತು.

10 ಲಕ್ಷದ ಲೆಕ್ಕವನ್ನೂ ಸ್ವಲ್ಪ ಜರಡಿ ಹಿಡಿಯಬೇಕು. ಬೋಯಿಂಗ್ ಕಂಪನಿಯ ಒಟ್ಟು ನೌಕರರೇ ಆ ವರ್ಷ ಸುಮಾರು 1.7 ಲಕ್ಷ. 220 ವಿಮಾನಗಳ ಒಂದು ಆರ್ಡರಿಗೆ ಅದರ ಆರು ಪಟ್ಟು ಉದ್ಯೋಗ ಹೇಗೆ ಬಂತು? ಬಿಡಿಭಾಗ ಕೊಡುವ ಕಂಪನಿಗಳು, ಅವುಗಳಿಗೆ ಲೋಹ ಕೊಡುವವರು, ಈ ಎಲ್ಲರ ಸಂಬಳ ಖರ್ಚಾಗುವ ಅಂಗಡಿ ಹೋಟೆಲುಗಳ ಕೆಲಸಗಾರರು, ಇವರನ್ನೆಲ್ಲ ಹಲವು ವರ್ಷಗಳ ಮೇಲೆ ಹರಡಿ ಎಣಿಸಿದಾಗ ಬರುವ ಸಂಖ್ಯೆ ಅದು. ಆಧಾರ ದೊರೆಯುತ್ತದೆ ಎಂದರೆ ಹೊಸದಾಗಿ ಹುಟ್ಟುತ್ತದೆ ಎಂದು ಅರ್ಥವಲ್ಲ. ಮಕ್ಕಳಿಗೆ ಇದನ್ನೊಂದು ಒಳ್ಳೆಯ ಅಭ್ಯಾಸವಾಗಿ ಕೊಡಬಹುದು.

ಇನ್ನು ಸ್ವದೇಶಿ ವಿಮಾನವನ್ನೇ ಕೊಳ್ಳಬೇಕೆಂಬ ನೀತಿಯನ್ನು ನಾವು ನೋಡಿಯೇ ಇಲ್ಲವೆಂದಲ್ಲ. ಬ್ರಿಟನ್ನಿನ ಆವ್ರೋ 748 ವಿಮಾನವನ್ನು ಪರವಾನಗಿ ಪಡೆದು ಕಾನ್ಪುರದಲ್ಲಿ ಜೋಡಿಸಲಾಯಿತು; ಅಲ್ಲಿ ಸಿದ್ಧವಾದ ಮೊದಲ ವಿಮಾನ 1961ರ ನವೆಂಬರ್‌ನಲ್ಲಿ ಹಾರಿತು. ಒಟ್ಟು 80ಕ್ಕೂ ಹೆಚ್ಚು ವಿಮಾನಗಳು ಅಲ್ಲಿಂದ ಹೊರಬಂದವು. ಆದರೆ ಅವುಗಳಲ್ಲಿ ಇಂಡಿಯನ್ ಏರ್‌ಲೈನ್ಸ್‌ಗೆ ಹೋದದ್ದು 17 ಮಾತ್ರ, ಉಳಿದವು ವಾಯುಪಡೆಗೆ. ನಾಗರಿಕ ಗ್ರಾಹಕ ಒಬ್ಬನೇ, ಅದೂ ಅರೆಮನಸ್ಸಿನವನು. ಹೊರದೇಶದ ವಿಮಾನಸಂಸ್ಥೆಗಳು ಕಾನ್ಪುರದ ಕಡೆ ತಿರುಗಿ ನೋಡಲಿಲ್ಲ. ವರ್ಷಕ್ಕೆ ನಾಲ್ಕೈದು ವಿಮಾನ ಮಾಡುವ ಕಾರ್ಖಾನೆಯಲ್ಲಿ ಕೈಗೆ ಪಳಗಿದ ಕೆಲಸ ಬರುತ್ತದೆ, ಆದರೆ ಬೆಲೆ ಇಳಿಯುವುದಿಲ್ಲ. ಇಂದು ಏರ್‌ಬಸ್ ಎ320 ಕುಟುಂಬದ ವಿಮಾನಗಳನ್ನು ಟೂಲೂಸ್, ಹ್ಯಾಂಬರ್ಗ್, ಟಿಯಾನ್‌ಜಿನ್, ಮೊಬೈಲ್ ಎಂಬ ನಾಲ್ಕು ಕಡೆ ಜೋಡಿಸಿ ವರ್ಷಕ್ಕೆ ನೂರಾರು ಹೊರಬಿಡುತ್ತದೆ. ಆ ಪ್ರಮಾಣದ ಎದುರು ಬೇಲಿ ಹಾಕಿ ಬೆಳೆಸಿದ ಸಣ್ಣ ಕಾರ್ಖಾನೆ ನಿಲ್ಲಲಾರದು.

ನನ್ನ ದೃಷ್ಟಿಯಲ್ಲಿ ಮುಖ್ಯವಾದ ಸಂಗತಿ ಬೇರೆಯೇ ಇದೆ. ಆರ್ಡರಿಗೆ ಸಹಿ ಹಾಕುವ ಗಳಿಗೆಯಲ್ಲಿ ಕೊಳ್ಳುವವನ ಕೈ ಮೇಲಿರುತ್ತದೆ. ಆ ಹೊತ್ತಿನಲ್ಲಿ ಅವನು ಏನನ್ನು ಕೇಳುತ್ತಾನೆ ಎಂಬುದರ ಮೇಲೆ ಉದ್ಯೋಗದ ಹಣೆಬರಹ ನಿಂತಿದೆ. ಇಂಡಿಯನ್ ಏರ್‌ಲೈನ್ಸ್ 1980ರ ದಶಕದಲ್ಲಿ ಎ320 ವಿಮಾನಗಳನ್ನು ಕೊಂಡಿತು. ಆ ದಶಕ ಮುಗಿಯುವ ಹೊತ್ತಿಗೆ ಅದೇ ವಿಮಾನದ ಮುಂಬಾಗಿಲು ತಯಾರಿಸುವ ಕೆಲಸ ಬೆಂಗಳೂರಿನ ಎಚ್‌ಎಎಲ್‌ಗೆ ಬಂತು. ಬಾಗಿಲೆಂದರೆ ಕೀಳಾಗಿ ಕಾಣಬೇಡಿ. ಒಳಗಿನ ಗಾಳಿಯ ಒತ್ತಡವನ್ನು ತಡೆದು, ಅಪಾಯದಲ್ಲಿ ಕ್ಷಣಮಾತ್ರದಲ್ಲಿ ತೆರೆದುಕೊಳ್ಳಬೇಕಾದ ಅದರಲ್ಲಿ ನೂರಾರು ಬಿಡಿಭಾಗಗಳಿರುತ್ತವೆ. ದಶಕಗಳ ಕಾಲ ಲೋಕದ ಯಾವ ಯಾವುದೋ ದೇಶದ ವಿಮಾನಗಳಲ್ಲಿ ಜನ ಬೆಂಗಳೂರಿನ ಬಾಗಿಲಿನಿಂದಲೇ ಒಳಗೆ ಹೋಗಿದ್ದಾರೆ. ಕೊಂಡದ್ದಕ್ಕೆ ಪ್ರತಿಯಾಗಿ ಇಲ್ಲಿಗೂ ಕೆಲಸ ಕೊಡಬೇಕೆಂಬ ಇಂಥ ಷರತ್ತನ್ನು ರಕ್ಷಣಾ ಖರೀದಿಗಳಲ್ಲಿ 2005ರಲ್ಲಿ ನಿಯಮವಾಗಿಯೇ ಸೇರಿಸಲಾಯಿತು. ವಾಯುಪಡೆಯ ಸಿ-295 ಸಾಗಣೆ ವಿಮಾನಗಳ 2021ರ ಒಪ್ಪಂದವನ್ನೇ ನೋಡಿ: 56ರಲ್ಲಿ 16 ಸ್ಪೇನಿನಿಂದ ಸಿದ್ಧವಾಗಿ ಬರುವುದು, 40 ವಡೋದರಾದಲ್ಲಿ ತಯಾರಾಗುವುದು.

ನಾಗರಿಕ ವಿಮಾನಗಳ ವಿಷಯದಲ್ಲಿ ಸಹಿ ಹಾಕುವವರು ಈಗ ಖಾಸಗಿ ಸಂಸ್ಥೆಗಳು. ಅವರು ಮೇಜಿನ ಆ ಬದಿಯಿಂದ ಕೇಳುವುದು ಬೆಲೆಯಲ್ಲಿ ರಿಯಾಯಿತಿಯನ್ನು, ಬೇಗನೆ ಸಿಗುವ ಸರದಿಯನ್ನು. ಅದು ಅವರ ಮಟ್ಟಿಗೆ ನ್ಯಾಯವೇ. ಬೆಳಗಾವಿಗೋ ಕೋಲಾರಕ್ಕೋ ಇಷ್ಟು ಕೆಲಸ ಕೊಡಿ ಎಂದು ಕೇಳುವವರು ಆ ಕೋಣೆಯಲ್ಲಿ ಇರುವುದಿಲ್ಲ. ನಾಗರಿಕ ವಿಮಾನಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವು ಅಂಥ ಷರತ್ತುಗಳನ್ನು ವಿರೋಧಿಸುತ್ತದೆ; ಅದಕ್ಕೆ ಸಹಿ ಹಾಕಿದ ದೇಶಗಳ ಪಟ್ಟಿಯಲ್ಲಿ ಭಾರತವಿಲ್ಲ, ಚೀನಾವೂ ಇಲ್ಲ. ಚೀನಾ ಮಾತ್ರ ತನ್ನ ಖರೀದಿಯನ್ನೆಲ್ಲ ಸರಕಾರದ ಕೈಯಲ್ಲಿ ಒಟ್ಟುಮಾಡಿ ಮಾತಾಡಿದ್ದರಿಂದ ಅಲ್ಲಿಗೆ 2008ರಲ್ಲೇ ಎ320 ಜೋಡಣೆಯ ಸಾಲು ಬಂತು.

ಹೊಸೂರು ಲೇತ್ (ಹೊಸೂರು, ಕೃಷ್ಣಗಿರಿ ಜಿಲ್ಲೆ):

ಮೇಡಂ, ಹಿರಿಯರು ಬಾಗಿಲಿನ ಕಥೆ ಹೇಳಿದ್ದಾರೆ. ನಾನು ಬಾಗಿಲಿನ ಹಿಂಜಿಗೂ ಚಿಕ್ಕದಾದ ಭಾಗಗಳನ್ನು ಮಾಡುವ ಸಣ್ಣ ಘಟಕವೊಂದರ ಪಾಲುದಾರ. ನಾವು ನೇರವಾಗಿ ಏರ್‌ಬಸ್ಸಿಗೋ ಬೋಯಿಂಗಿಗೋ ಕೊಡುವುದಿಲ್ಲ; ನಮ್ಮ ಮೇಲಿನ ಕಂಪನಿ, ಅದರ ಮೇಲಿನ ಇನ್ನೊಂದು ಕಂಪನಿ, ಹೀಗೆ ಮೂರನೆಯ ಮೆಟ್ಟಿಲಲ್ಲಿ ನಿಂತವರು. ಈ ಮೆಟ್ಟಿಲುಗಳಲ್ಲೇ ಇವತ್ತು ಉದ್ಯೋಗ ಇರುವುದು. ಭಾರತದಿಂದ ವರ್ಷಕ್ಕೆ ಸುಮಾರು 125 ಕೋಟಿ ಡಾಲರ್ ಮೌಲ್ಯದ ಸರಕು ಮತ್ತು ಸೇವೆಗಳನ್ನು ಕೊಳ್ಳುತ್ತೇವೆಂದು ಬೋಯಿಂಗ್ ಹೇಳುತ್ತದೆ. ಏರ್‌ಬಸ್ ಕೂಡ 100 ಕೋಟಿ ಡಾಲರ್ ದಾಟಿದೆ, 2030ಕ್ಕೆ 200 ಕೋಟಿ ಮುಟ್ಟುವುದು ಅದರ ಗುರಿ. ಬೆಂಗಳೂರಿನ ಡೈನಮ್ಯಾಟಿಕ್ ಕಂಪನಿ ಎ320ರ ರೆಕ್ಕೆಯ ಫ್ಲ್ಯಾಪ್ ಟ್ರ್ಯಾಕ್ ಬೀಮ್‌ಗಳನ್ನು, ಅಂದರೆ ರೆಕ್ಕೆಯ ಹಿಂಬದಿಯ ಚಲಿಸುವ ಪಟ್ಟಿಗಳನ್ನು ಹೊರುವ ತೊಲೆಗಳನ್ನು ಮಾಡುತ್ತದೆ, ಎ220ರ ಬಾಗಿಲುಗಳ ಕೆಲಸವೂ 2024ರಲ್ಲಿ ಅದಕ್ಕೆ ಸಿಕ್ಕಿತು. ಬೆಳಗಾವಿಯ ಏಕಸ್, ಕೋಲಾರ ಜಿಲ್ಲೆ ನರಸಾಪುರದ ಮಹೀಂದ್ರ, ಹೈದರಾಬಾದಿನ ಟಾಟಾ, ಎಲ್ಲವೂ ಇದೇ ಸಾಲಿನವು. ನಮ್ಮಿಂದ ದೂರವಲ್ಲದ ವೇಮಗಲ್‌ನಲ್ಲಿ ಟಾಟಾ ಮತ್ತು ಏರ್‌ಬಸ್ ಸೇರಿ ಎಚ್125 ಹೆಲಿಕಾಪ್ಟರಿನ ಜೋಡಣೆಗೆ ಇಳಿದಿವೆ.

ಆದರೆ ಈ ಅಂಕಿಗಳನ್ನು ಕಂಡು ಹಿಗ್ಗುವ ಮೊದಲು ಒಳಗಿನ ಲೆಕ್ಕ ಗೊತ್ತಿರಬೇಕು. ವಿಮಾನಕ್ಕೆ ಬಳಸುವ ದರ್ಜೆಯ ಅಲ್ಯುಮಿನಿಯಂ ಗಟ್ಟಿಗಳು ನಮಗೆ ಬಹುಪಾಲು ಅಮೆರಿಕ, ಯುರೋಪುಗಳಿಂದಲೇ ಬರುತ್ತವೆ. ಯಾವ ಕಂಪನಿಯ ಲೋಹ ಎಂಬುದನ್ನೂ ಮೇಲಿನವರೇ ತೀರ್ಮಾನಿಸುತ್ತಾರೆ. ಕೆಲವು ಭಾಗಗಳಲ್ಲಿ ಹತ್ತು ಕಿಲೋ ಗಟ್ಟಿಯನ್ನು ಕಂಪ್ಯೂಟರ್ ನಡೆಸುವ ಐದು ಆಕ್ಸಿಸ್ ಸಿಎನ್‌ಸಿ ಯಂತ್ರದಲ್ಲಿ ಕೊರೆದು ಮುಗಿಸಿದಾಗ ಕೈಗೆ ಸಿಗುವುದು ಒಂದೂವರೆ ಕಿಲೋ. ಉಳಿದದ್ದು ಚಿಪ್ಸ್ ಆಗಿ ಗುಜರಿಗೆ ಹೋಗುತ್ತದೆ. ಯಂತ್ರವೂ ಆಮದು, ಅದರ ಕಟರ್‌ಗಳೂ ಹೆಚ್ಚಾಗಿ ಆಮದು. ಇಲ್ಲಿ ಉಳಿಯುವುದು ನಮ್ಮ ಕೆಲಸಗಾರರ ಕೂಲಿ, ವಿದ್ಯುತ್ತಿನ ಬಿಲ್ಲು, ಬ್ಯಾಂಕಿನ ಬಡ್ಡಿ ಮತ್ತು ತೆಳುವಾದ ಲಾಭ. ರಫ್ತಿನ ಮೌಲ್ಯ ಎಂದು ಪತ್ರಿಕೆಗಳಲ್ಲಿ ಬರುವ ಮೊತ್ತದಲ್ಲಿ ಆಮದಾದ ಲೋಹದ ಬೆಲೆಯೂ ಸೇರಿದೆ ಎಂಬುದನ್ನು ನಿಮ್ಮ ಮಕ್ಕಳು ಗಮನಿಸಲಿ.

ಎರಡನೆಯ ಸಂಗತಿ, ಈ ಕೆಲಸಕ್ಕೆ ಬೇಕಾಗುವ ಎಎಸ್9100 ಗುಣಮಟ್ಟದ ಪ್ರಮಾಣಪತ್ರ. ಪ್ರಮಾಣಪತ್ರ ಬಂದ ಮೇಲೂ ಒಂದೊಂದು ಭಾಗದ ಮೊದಲ ಮಾದರಿಗೆ ಒಪ್ಪಿಗೆ ಸಿಗಲು ತಿಂಗಳುಗಳು ಹಿಡಿಯುತ್ತವೆ, ಅಷ್ಟು ದಿನ ಯಂತ್ರದ ಸಾಲದ ಕಂತನ್ನು ಕೈಯಿಂದ ಕಟ್ಟಬೇಕು. ಹೊಸೂರಿನಲ್ಲಿ ಆಟೊಮೊಬೈಲ್ ಕೆಲಸ ಮಾಡುವ ನೂರಾರು ಶೆಡ್‌ಗಳಿದ್ದರೂ ವಿಮಾನದ ಕೆಲಸಕ್ಕೆ ದಾಟಿದವರು ಕಡಿಮೆ ಇರುವುದಕ್ಕೆ ಇದೇ ಕಾರಣ. ಕೌಶಲ ಇಲ್ಲವೆಂದಲ್ಲ, ಕಾಯುವ ಬಂಡವಾಳ ಇಲ್ಲ.

ಆಮದು ನಿಲ್ಲಿಸಿದರೆ ಏನಾಗುತ್ತದೆ ಎಂದು ಕೇಳಿದಿರಿ. ಮೊದಲು ನಿಲ್ಲುವುದು ನಮ್ಮ ಯಂತ್ರಗಳೇ. 2024ರ ಜನವರಿಯಲ್ಲಿ ಅಲಾಸ್ಕಾ ಏರ್‌ಲೈನ್ಸ್‌ನ 737 ಮ್ಯಾಕ್ಸ್ ವಿಮಾನದ ಪಕ್ಕದ ಮುಚ್ಚಳ ಆಕಾಶದಲ್ಲೇ ಕಿತ್ತುಹೋದ ನಂತರ, ತಿಂಗಳಿಗೆ 38ಕ್ಕಿಂತ ಹೆಚ್ಚು ಮಾಡಕೂಡದೆಂದು ಅಮೆರಿಕದ ನಿಯಂತ್ರಕರು ಬೋಯಿಂಗಿಗೆ ಮಿತಿ ಹಾಕಿದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಸುಮಾರು 33,000 ಕಾರ್ಮಿಕರು ಏಳು ವಾರಗಳಿಗೂ ಹೆಚ್ಚು ಕಾಲ ಮುಷ್ಕರ ಹೂಡಿದರು. ಸಿಯಾಟಲ್‌ನಲ್ಲಿ ಕೆಲಸ ನಿಂತರೆ ಈ ಕಡೆಯ ಘಟಕಗಳಲ್ಲಿ ಓವರ್‌ಟೈಮ್ ನಿಲ್ಲುತ್ತದೆ. ಅವರ ಕಾರ್ಮಿಕರೂ ನಮ್ಮ ಕಾರ್ಮಿಕರೂ ಪರಸ್ಪರ ಎದುರಾಳಿಗಳೆಂದು ನಿಮ್ಮ ವಿದ್ಯಾರ್ಥಿನಿ ಎಣಿಸಿದ್ದಾಳೆ. ಈಗಿನ ವ್ಯವಸ್ಥೆಯಲ್ಲಿ ಒಂದೇ ಸರಪಳಿಯ ಎರಡು ತುದಿಯಲ್ಲಿರುವವರು ಅವರು.

ಪ್ರಸಂಗವಶಾತ್ ಇನ್ನೊಂದು ಮಾತು. ನಮ್ಮೂರಿನ ಪಕ್ಕದ ಬೆಳಗೊಂಡಪಳ್ಳಿಯಲ್ಲಿ ಖಾಸಗಿ ರನ್‌ವೇ ಸಹಿತ ವಿಮಾನ ಕಾರ್ಖಾನೆಯೊಂದು ಇದೆಯೆಂಬುದು ಕರ್ನಾಟಕದ ಹಲವರಿಗೆ ತಿಳಿಯದು. ತನೇಜಾ ಏರೋಸ್ಪೇಸ್ 1990ರ ದಶಕದಲ್ಲಿ ಇಟಲಿಯ ಪಾರ್ಟೆನಾವಿಯಾ ಕಂಪನಿಯ ಪರವಾನಗಿ ಪಡೆದು ಆರು ಆಸನಗಳ ಪಿ68ಸಿ ವಿಮಾನಗಳನ್ನು ಅಲ್ಲಿ ಕಟ್ಟಿತು. ದೇಶದಲ್ಲಿ ಖಾಸಗಿ ವಲಯ ವಿಮಾನ ಕಟ್ಟಿದ ಮೊದಲ ಸಾಹಸ ಅದು. ಕೊಳ್ಳುವವರು ಸಾಕಷ್ಟು ಸಿಗಲಿಲ್ಲ. ಆ ನೆಲಕ್ಕೆ ಮುಂದೆ ಅನ್ನ ಕೊಟ್ಟದ್ದು ಬಿಡಿಭಾಗಗಳ ತಯಾರಿ ಮತ್ತು ದೊಡ್ಡ ವಿಮಾನಗಳ ದುರಸ್ತಿ. ಅಂದರೆ ಹೊರದೇಶದಿಂದ ಕೊಂಡುತಂದ ವಿಮಾನಗಳೇ.

ಜತ್ತದ ಓದುಗ (ಸಾಂಗ್ಲಿ ಜಿಲ್ಲೆ):

ಇಬ್ಬರೂ ಅನುಭವದಿಂದ ಬರೆದಿದ್ದೀರಿ, ಗೌರವವಿದೆ. ಆದರೂ ಈ ಸಮಾಧಾನವನ್ನು ನಾನು ಒಪ್ಪಲಾರೆ. ಹತ್ತು ಕಿಲೋ ಲೋಹ ಕೊರೆದು ಕೂಲಿ ಪಡೆಯುವುದೇ ನಮ್ಮ ಪಾಲು ಎಂದಾದರೆ ಮುಂದಿನ ಐವತ್ತು ವರ್ಷವೂ ಅದೇ ಆಗಿರುತ್ತದೆ. ಬ್ರೆಜಿಲ್ 1969ರಲ್ಲಿ ಸರಕಾರಿ ಬಂಡವಾಳದಿಂದ ಎಂಬ್ರೇಯರ್ ಕಟ್ಟಿತು, ಇಂದು ಅಮೆರಿಕದ ಪ್ರಾದೇಶಿಕ ಮಾರ್ಗಗಳಲ್ಲಿ ಆ ವಿಮಾನಗಳು ಹಾರುತ್ತಿವೆ. ನಮ್ಮ ಸರಕಾರಿ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್‌ ವಿನ್ಯಾಸ ಮಾಡಿದ ಸಣ್ಣ ಪ್ರಯಾಣಿಕ ವಿಮಾನ ಸಾರಸ್ 2004ರ ಮೇ ತಿಂಗಳಲ್ಲಿ ಮೊದಲು ಹಾರಿತು. 2009ರ ಮಾರ್ಚ್‌ನಲ್ಲಿ ಬಿಡದಿಯ ಬಳಿ ಎರಡನೆಯ ಮಾದರಿ ಬಿದ್ದು ವಾಯುಪಡೆಯ ಮೂವರು ಅಧಿಕಾರಿಗಳು ಪ್ರಾಣ ಕೊಟ್ಟ ಮೇಲೆ ಯೋಜನೆಯೇ ವರ್ಷಗಟ್ಟಲೆ ಮೂಲೆಗೆ ಬಿತ್ತು. 500 ವಿಮಾನ ಕೊಳ್ಳುವ ಶಕ್ತಿಯಿರುವ ದೇಶ 19 ಆಸನದ ಒಂದು ವಿಮಾನವನ್ನು ಮಾರುಕಟ್ಟೆಗೆ ತರಲಾಗದಿದ್ದರೆ ಅದು ಮಾರುಕಟ್ಟೆಯ ತಪ್ಪಲ್ಲ. ಹಣದ ಹರಿವನ್ನೂ ನೋಡಿರಿ. ನಮ್ಮ ಸಂಸ್ಥೆಗಳು ಹಾರಿಸುವ ವಿಮಾನಗಳಲ್ಲಿ ಬಹಳಷ್ಟು ಬಾಡಿಗೆಯವು, ಮಾಲೀಕರು ಐರ್ಲೆಂಡಿನ ಕಂಪನಿಗಳು. ತಯಾರಿಕೆಯ ಹಣವೂ ಹೊರಗೆ, ಬಾಡಿಗೆಯೂ ಹೊರಗೆ.

ಹಳೆಯ ರಿವೆಟ್ (ಕುಂಬಳೆ):

ಜತ್ತದವರೇ, ವಿನ್ಯಾಸ ನಮ್ಮದಾಗಬೇಕೆಂಬ ಮಾತಿಗೆ ನನ್ನ ವಿರೋಧವಿಲ್ಲ. ಸಾರಸ್ ಕುರಿತು ನಿಮ್ಮ ಸಿಟ್ಟು ನನ್ನದೂ ಹೌದು. ಅಪಘಾತದ ಬಳಿಕ ಎಂಜಿನಿಯರುಗಳನ್ನು ಒಟ್ಟಿಗೆ ಹಿಡಿದಿಟ್ಟು ಮುಂದಿನ ಮಾದರಿಯನ್ನು ಮಾಡಿಸುವ ತಾಳ್ಮೆ ತೋರಬೇಕಿತ್ತು. ಆದರೆ ಬ್ರೆಜಿಲಿನ ಉದಾಹರಣೆ ಆಮದು ತಡೆಯುವುದರ ಪರವಾಗಿ ಸಾಕ್ಷಿ ಹೇಳುವುದಿಲ್ಲ. ಅಲ್ಲಿನ ಗೋಲ್ ಸಂಸ್ಥೆ ಬೋಯಿಂಗ್ ಹಾರಿಸುತ್ತದೆ, ಲಾಟಾಮ್ ಏರ್‌ಬಸ್ ಹಾರಿಸುತ್ತದೆ. ದೊಡ್ಡ ವಿಮಾನಗಳ ದಾರಿಗೆ ಅಡ್ಡ ಹೋಗದೆ, ಇತರರು ಬಿಟ್ಟ ಸಣ್ಣ ವಿಮಾನಗಳ ಜಾಗವನ್ನು ಎಂಬ್ರೇಯರ್ ಹಿಡಿಯಿತು. 1978ರ ನಂತರ ಅಮೆರಿಕದಲ್ಲಿ ವಿಮಾನಯಾನ ಮುಕ್ತವಾದಾಗ ಹುಟ್ಟಿಕೊಂಡ ಸಣ್ಣ ಸಂಸ್ಥೆಗಳು ಅದರ ಗ್ರಾಹಕರಾದವು. ಇಂಡೋನೇಷ್ಯಾ ಅದೇ ಹಾದಿಯಲ್ಲಿ ಹೊರಟು 1998ರ ಆರ್ಥಿಕ ಕುಸಿತದಲ್ಲಿ ಎನ್-250 ವಿಮಾನವನ್ನು ಕೈಬಿಟ್ಟಿತು. ಜಪಾನಿನ ಮಿತ್ಸುಬಿಷಿ 2023ರ ಫೆಬ್ರವರಿಯಲ್ಲಿ ಸ್ಪೇಸ್‌ಜೆಟ್ ಯೋಜನೆಯನ್ನು ಮುಚ್ಚಿತು. ಆ ದೇಶಕ್ಕೆ ಹಣದ ಕೊರತೆಯೂ ಇರಲಿಲ್ಲ, ಕೌಶಲದ ಕೊರತೆಯೂ ಇರಲಿಲ್ಲ. ಚೀನಾದ ಸಿ919 2023ರ ಮೇ ತಿಂಗಳಲ್ಲಿ ಪ್ರಯಾಣಿಕರನ್ನು ಹೊತ್ತು ಹಾರಿತಾದರೂ ಎಂಜಿನ್ ಇನ್ನೂ ಅಮೆರಿಕ ಮತ್ತು ಫ್ರಾನ್ಸಿನ ಕೂಡುಕಂಪನಿಯದೇ. ರಷ್ಯಾದ ಎಸ್‌ಜೆ-100 ವಿಮಾನವನ್ನು ಇಲ್ಲಿ ಕಟ್ಟಲು ಎಚ್‌ಎಎಲ್ 2025ರ ಅಕ್ಟೋಬರ್‌ನಲ್ಲಿ ಒಪ್ಪಂದ ಮಾಡಿಕೊಂಡಿದೆ. ಆ ವಿಮಾನಕ್ಕೆ ಗ್ರಾಹಕ ಯಾರು ಎಂಬ ಕಾನ್ಪುರದ ಹಳೆಯ ಪ್ರಶ್ನೆ ಅದರ ಮುಂದೆಯೂ ಇದೆ.

ಮಧುವಾಹಿನಿ (ಊರು ಮಧೂರು, ಈಗ ಶಾರ್ಜಾ):

ಟೀಚರ್, ನಾನು ಇಲ್ಲಿನ ವಿಮಾನ ನಿಲ್ದಾಣವೊಂದರ ನಿರ್ವಹಣಾ ವಿಭಾಗದಲ್ಲಿದ್ದೇನೆ. ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಒಲೆ ಉರಿಯುವುದು ಈ ಕಡಲಾಚೆಯ ಸಂಬಳದಿಂದ ಎಂಬುದು ನಿಮಗೆ ಹೇಳಬೇಕಾಗಿಲ್ಲ. ಈ ದೇಶವನ್ನೇ ಉದಾಹರಣೆಯಾಗಿ ನೋಡಿ. ಇಲ್ಲಿ ಪ್ರಯಾಣಿಕರ ವಿಮಾನ ಕಟ್ಟುವ ಕಾರ್ಖಾನೆ ಇಲ್ಲ. ಎಮಿರೇಟ್ಸ್ ಹಾರಿಸುವುದೆಲ್ಲ ಬೋಯಿಂಗ್ ಮತ್ತು ಏರ್‌ಬಸ್; ಎ380 ವಿಮಾನವನ್ನು ಅದರಷ್ಟು ಕೊಂಡವರು ಜಗತ್ತಿನಲ್ಲಿ ಬೇರೆ ಯಾರೂ ಇಲ್ಲ. ಹಾಗಿದ್ದರೂ ಈ ಸಂಸ್ಥೆಗಳ ಸುತ್ತ ಪೈಲಟ್, ಕ್ಯಾಬಿನ್ ಸಿಬ್ಬಂದಿ, ಮೆಕ್ಯಾನಿಕ್, ಅಡುಗೆ, ಸಾಮಾನು ಸಾಗಣೆ, ಹೋಟೆಲು ಎಂದು ಬೆಳೆದ ಉದ್ಯೋಗ ಎಷ್ಟು ದೇಶಗಳ ಜನರನ್ನು ಇಲ್ಲಿಗೆ ಕರೆತಂದಿದೆ! ಒಂದು ವಿಮಾನಕ್ಕೆ ಸರಿಸುಮಾರು 100 ಮಂದಿಯ ಕೆಲಸ ಎಂಬುದು ವಿಮಾನಸಂಸ್ಥೆಗಳ ಸಾಮಾನ್ಯ ಲೆಕ್ಕ. ವಿಮಾನವನ್ನು ಕಟ್ಟುವುದು ಒಮ್ಮೆ, ಹಾರಿಸುವುದು ಇಪ್ಪತ್ತು ಇಪ್ಪತ್ತೈದು ವರ್ಷ.

ಹಾಗೆಂದು ಇವರು ತಯಾರಿಕೆಯನ್ನು ಪೂರ್ತಿ ಬಿಟ್ಟವರೂ ಅಲ್ಲ. ಅಬುಧಾಬಿ ಸರಕಾರದ ಬಂಡವಾಳದಿಂದ 2009ರಲ್ಲಿ ಅಲ್ ಐನ್‌ನಲ್ಲಿ ಸ್ಟ್ರಾಟಾ ಎಂಬ ಕಂಪನಿ ಹುಟ್ಟಿತು, ಅದು ಏರ್‌ಬಸ್ಸಿಗೂ ಬೋಯಿಂಗಿಗೂ ಕಾಂಪೋಸಿಟ್ (ನಾರು ಮತ್ತು ರಾಳ ಸೇರಿಸಿ ಮಾಡಿದ ಹಗುರ ವಸ್ತು) ಭಾಗಗಳನ್ನು ಮಾಡಿಕೊಡುತ್ತದೆ. ಅಲ್ಲಿನ ಕೆಲಸಗಾರರಲ್ಲಿ ಸ್ಥಳೀಯ ಹೆಣ್ಣುಮಕ್ಕಳ ಪಾಲು ದೊಡ್ಡದು. ಕುಂಬಳೆಯ ಹಿರಿಯರು ಹೇಳಿದ ಹಾಗೆ, ಕೊಳ್ಳುವ ಕೈ ಮೇಲಿರುವಾಗ ಕೇಳಿ ಪಡೆದದ್ದು ಇದು.

ನಮ್ಮ ದೇಶದಲ್ಲಿ ವಿಮಾನಯಾನದ ಉದ್ಯೋಗಗಳು ಕಣ್ಣೆದುರಿಗೇ ನಾಶವಾದದ್ದು ವಿಮಾನಸಂಸ್ಥೆಗಳು ಮುಳುಗಿದಾಗ. ಕಿಂಗ್‌ಫಿಶರ್ 2012ರಲ್ಲಿ ನಿಂತಿತು. 2019ರ ಏಪ್ರಿಲ್‌ನಲ್ಲಿ ಜೆಟ್ ಏರ್‌ವೇಸ್ ನಿಂತಾಗ 20,000ದಷ್ಟು ಮಂದಿ ಬೀದಿಗೆ ಬಂದರು. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ದಿವಾಳಿ ಅರ್ಜಿ ಹಾಕಿದಾಗ ಅದರ ಪೆಟ್ಟು ನಮ್ಮ ಕಣ್ಣೂರು ವಿಮಾನ ನಿಲ್ದಾಣದ ಮೇಲೆ ಎಷ್ಟು ಜೋರಾಗಿ ಬಿತ್ತೆಂಬುದು ಕಾಸರಗೋಡಿನವರಿಗೆ ನೆನಪಿರಬೇಕು. ವಿದೇಶಿ ಸಂಸ್ಥೆಗಳಿಗೆ ಕಣ್ಣೂರಿನಿಂದ ಹಾರಲು ಅನುಮತಿ ಇಲ್ಲದಿದ್ದುದರಿಂದ ಗಲ್ಫಿನ ವಿಮಾನಗಳಿಗೆ ಆ ನಿಲ್ದಾಣ ಎರಡು ಮೂರು ಭಾರತೀಯ ಸಂಸ್ಥೆಗಳನ್ನೇ ನೆಚ್ಚಿತ್ತು. ಅಮೆರಿಕದ ಪ್ರಾಟ್ ಆ್ಯಂಡ್ ವಿಟ್ನಿ ಎಂಜಿನುಗಳ ತೊಂದರೆಯಿಂದ ತನ್ನ ಅರ್ಧದಷ್ಟು ವಿಮಾನಗಳು ನೆಲ ಹಿಡಿದವೆಂದು ಗೋ ಫಸ್ಟ್ ಹೇಳಿತು; ಎಂಜಿನ್ ಕಂಪನಿ ಅದನ್ನು ಒಪ್ಪಲಿಲ್ಲ. ತೀರ್ಪು ಏನೇ ಇರಲಿ, ಹೊರದೇಶದ ಸರಕನ್ನು ನೆಚ್ಚುವುದರ ನಿಜವಾದ ಅಪಾಯ ಇಲ್ಲಿದೆ ಎಂದು ನನಗನ್ನಿಸುತ್ತದೆ: ಕೊಂಡದ್ದರಿಂದ ಕೆಲಸ ಹೋಗಲಿಲ್ಲ, ಕೊಂಡದ್ದನ್ನು ಇಲ್ಲೇ ಬಿಚ್ಚಿ ಸರಿಪಡಿಸುವ ಸಾಮರ್ಥ್ಯ ಇಲ್ಲದ್ದರಿಂದ ಹೋಯಿತು.

ಆ ಸಾಮರ್ಥ್ಯ ಬರದಂತೆ ಬಹುಕಾಲ ತಡೆದದ್ದು ನಮ್ಮದೇ ತೆರಿಗೆ. ದುರಸ್ತಿ ಸೇವೆಯ ಮೇಲೆ 18 ಶೇಕಡಾ ಜಿಎಸ್‌ಟಿ ಇದ್ದಷ್ಟು ಕಾಲ ನಮ್ಮ ವಿಮಾನಗಳು ದೊಡ್ಡ ತಪಾಸಣೆಗೆ ಸಿಂಗಾಪುರಕ್ಕೋ ಕೊಲಂಬೋಗೋ ಹೋಗುತ್ತಿದ್ದವು. 2020ರ ಏಪ್ರಿಲ್‌ನಲ್ಲಿ ಅದು 5 ಶೇಕಡಾಕ್ಕೆ ಇಳಿಯಿತು. 2024ರ ಜುಲೈಯಿಂದ ಆಮದಾಗುವ ಬಿಡಿಭಾಗಗಳಿಗೂ ಏಕರೂಪವಾಗಿ 5 ಶೇಕಡಾ. ಅದಾದ ಮೇಲೆ ದೇವನಹಳ್ಳಿಯಲ್ಲಿ ಏರ್ ಇಂಡಿಯಾ 35 ಎಕರೆಯಲ್ಲಿ ದುರಸ್ತಿ ಕೇಂದ್ರ ಕಟ್ಟಲು ಹೊರಟಿತು. 2025ರ ನವೆಂಬರ್‌ನಲ್ಲಿ ಹೈದರಾಬಾದಿನಲ್ಲಿ ಲೀಪ್ ಎಂಜಿನುಗಳ ದುರಸ್ತಿಗೆ ಫ್ರಾನ್ಸಿನ ಸಫ್ರಾನ್ ಕಾರ್ಖಾನೆ ತೆರೆಯಿತು. 737 ಮ್ಯಾಕ್ಸ್‌ಗಳಿಗೆಲ್ಲ ಇರುವುದು ಇದೇ ಎಂಜಿನ್, ಎ320ರ ಹೊಸ ಎಂಜಿನಿನ ಮಾದರಿಯಾದ ನಿಯೋಗಳಲ್ಲಿಯೂ ಹಲವಕ್ಕೆ ಇದೇ.

ಬದಿಯಡ್ಕದ ಟೀಚರ್ (ಕಾಸರಗೋಡು):

ಎಲ್ಲರಿಗೂ ಕೃತಜ್ಞತೆಗಳು. ಚರ್ಚೆಯನ್ನು ಮುದ್ರಿಸಿ ತರಗತಿಗೆ ಒಯ್ಯುತ್ತೇನೆ. ಜತ್ತದವರ ಆಕ್ಷೇಪವನ್ನೂ ಬಿಡುವುದಿಲ್ಲ, ಏಕೆಂದರೆ ಸ್ಟ್ರಾಟಾದ ಹಿಂದೆಯೂ ಎಂಬ್ರೇಯರಿನ ಹಿಂದೆಯೂ ಸರಕಾರದ ಬಂಡವಾಳವೇ ಇತ್ತೆಂಬುದು ನನಗೆ ಎದ್ದು ಕಾಣುತ್ತಿದೆ. ಇನ್ನೊಂದು ಸಂದೇಹ: ಪ್ರಶ್ನೆ ಕೇಳಿದ ಹುಡುಗಿಗೆ ವಿಮಾನ ದುರಸ್ತಿಯ ಕೋರ್ಸ್ ಸೇರುವ ಆಸೆಯಿದೆ. ಜಾಹೀರಾತುಗಳನ್ನು ನಂಬಿ ಹೋಗಬಹುದೇ?

ಹಳೆಯ ರಿವೆಟ್ (ಕುಂಬಳೆ):

ಟೀಚರ್, ಮೊದಲ ತೊಡಕು ಅವಳ ವಿಭಾಗದ್ದೇ. ವಿಮಾನ ನಿರ್ವಹಣಾ ಎಂಜಿನಿಯರ್ ಪರವಾನಗಿಯ ದಾರಿಗೆ ಪ್ಲಸ್ ಟುವಿನಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಇರಬೇಕು, ಅಥವಾ ಎಂಜಿನಿಯರಿಂಗ್ ಡಿಪ್ಲೊಮಾ ಇರಬೇಕು. ವಾಣಿಜ್ಯ ಓದಿದವರಿಗೆ ನೇರ ಪ್ರವೇಶವಿಲ್ಲ. ಹಾಗೆ ಅರ್ಹತೆ ಇದ್ದವರಿಗೂ ಹೇಳಬೇಕಾದ ಮಾತೆಂದರೆ, ಸೇರುವ ಸಂಸ್ಥೆಗೆ ದೇಶದ ವಿಮಾನಯಾನ ನಿಯಂತ್ರಕ ಡಿಜಿಸಿಎ ತರಬೇತಿ ಸಂಸ್ಥೆಗಳಿಗೆ ಕೊಡುವ ಸಿಎಆರ್-147 ಮಾನ್ಯತೆ ಇದೆಯೇ ಎಂಬುದನ್ನು ಡಿಜಿಸಿಎಯ ಪಟ್ಟಿಯಲ್ಲೇ ನೋಡಬೇಕು, ಕರಪತ್ರದಲ್ಲಿ ಅಲ್ಲ. ಕೋರ್ಸ್ ಮುಗಿದ ಮಾತ್ರಕ್ಕೆ ವಿಮಾನಕ್ಕೆ ಸಹಿ ಹಾಕುವ ಅಧಿಕಾರ ಬರುವುದಿಲ್ಲ. ಪರೀಕ್ಷೆಗಳು, ಹಾರುತ್ತಿರುವ ವಿಮಾನಗಳ ಮೇಲೆ ಕೆಲಸದ ಅನುಭವ, ಆಮೇಲೆ ಎ320 ಅಥವಾ 737 ಎಂದು ನಿರ್ದಿಷ್ಟ ಮಾದರಿಯ ವಿಮಾನದ ಮೇಲೆ ಕೆಲಸ ಮಾಡುವ ಅರ್ಹತೆಯಾದ ಟೈಪ್ ರೇಟಿಂಗ್, ಇಷ್ಟೂ ಆದ ಮೇಲೆಯೇ ಒಳ್ಳೆಯ ಸಂಬಳ. ನಡುವಿನ ಅನುಭವ ಸಿಗದೆ ಕೈಕಟ್ಟಿ ಕುಳಿತ ಹುಡುಗರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಇಲೆಕ್ಟ್ರಾನಿಕ್ಸ್‌ನಲ್ಲಿ ಒಲವಿದ್ದವರು ವಿಮಾನದ ಇಲೆಕ್ಟ್ರಾನಿಕ್ ವ್ಯವಸ್ಥೆಗಳಿಗೆ ಸಂಬಂಧಿಸಿದ ಬಿ2 ವಿಭಾಗವನ್ನು ಆರಿಸುವುದು ಒಳ್ಳೆಯದು, ಆ ಕಲಿಕೆ ಸೀತಾಂಗೋಳಿಯಂಥ ಘಟಕಗಳ ಕೆಲಸಕ್ಕೂ ಹತ್ತಿರದ್ದು.

ನಿಮ್ಮ ಹುಡುಗಿಗೆ ಇನ್ನೊಂದು ಬಾಗಿಲು ಇದೆ. ಬಾಡಿಗೆಯ ಹಣ ಐರ್ಲೆಂಡಿಗೆ ಹೋಗುತ್ತಿದೆಯೆಂದು ಜತ್ತದವರು ಹೇಳಿದರಲ್ಲ, ಆ ವ್ಯವಹಾರವನ್ನು ಗುಜರಾತಿನ ಅಂತರರಾಷ್ಟ್ರೀಯ ಹಣಕಾಸು ಕೇಂದ್ರವಾದ ಗಿಫ್ಟ್ ಸಿಟಿಗೆ ತರುವ ಪ್ರಯತ್ನ ಕೆಲವು ವರ್ಷಗಳಿಂದ ನಡೆದಿದೆ. ಏರ್ ಇಂಡಿಯಾ ತನ್ನ ಮೊದಲ ಎ350 ವಿಮಾನವನ್ನು 2023ರಲ್ಲಿ ಅಲ್ಲಿನ ಗುತ್ತಿಗೆ ವ್ಯವಸ್ಥೆಯ ಮೂಲಕವೇ ಪಡೆಯಿತು. ಗೋ ಫಸ್ಟ್ ನಿಂತಾಗ ವಿಮಾನಗಳನ್ನು ಹಿಂದಕ್ಕೆ ಪಡೆಯಲಾಗದೆ ಮಾಲೀಕ ಕಂಪನಿಗಳು ನ್ಯಾಯಾಲಯಕ್ಕೆ ಅಲೆದ ಬಳಿಕ, 2025ರಲ್ಲಿ ಸಂಸತ್ತು ಅದಕ್ಕೊಂದು ಪ್ರತ್ಯೇಕ ಕಾಯಿದೆಯನ್ನೂ ಮಾಡಿದೆ. ಗುತ್ತಿಗೆಯ ಲೆಕ್ಕ, ವಿಮೆ, ಡಾಲರಿನ ಏರಿಳಿತದ ನಿರ್ವಹಣೆ, ಇವೆಲ್ಲ ವಾಣಿಜ್ಯ ಓದಿದವರ ಕೆಲಸಗಳೇ. ಅವಳು ಲೆಕ್ಕಪರಿಶೋಧನೆಯ ಕಡೆಗೆ ಹೋಗುವುದಾದರೆ ಗುತ್ತಿಗೆಗಳಿಗೆ ಅನ್ವಯಿಸುವ ಇಂಡ್-ಎಎಸ್ 116 ಎಂಬ ಲೆಕ್ಕಪದ್ಧತಿಯನ್ನು ಚೆನ್ನಾಗಿ ಓದಿಕೊಳ್ಳಲಿ. ವಿಮಾನಸಂಸ್ಥೆಗಳ ವಾರ್ಷಿಕ ವರದಿಗಳಲ್ಲಿ ಬಾಡಿಗೆಯ ಹೊರೆ ಎಷ್ಟೆಂಬುದು ಅದರಡಿಯಲ್ಲೇ ಕಾಣಿಸುತ್ತದೆ, ಇಂಡಿಗೋದ ವರದಿ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ.